ಲೆಫ್ಟ್ ಫೀಲ್ಡಿನ ಮೇಷ್ಟ್ರು

ನಾವು ಕಡಲಾಚೆಯಿಂದ ವಲಸೆ ಬಂದು ನೆಲೆಸಿದ ಮಾರ್ಕಮ್ಮಿನಲ್ಲಿ ಐವತ್ತೈದು ದಾಟಿದವರಿಗೆಂದೇ ಒಂದು ಸಾಫ್ಟ್‌ಬಾಲ್ ಲೀಗ್ ಇದೆ. ಚೆಂಡನ್ನು ಸೊಂಟದ ಮಟ್ಟದಿಂದ ಮೇಲೆತ್ತಿ, ಕಮಾನಿನ ಹಾಗೆ ನಿಧಾನವಾಗಿ ಎಸೆಯುತ್ತಾರೆ. ಮಂಡಿನೋವು ಬಂದ ಬೇಸ್‌ಬಾಲ್ ಎನ್ನಬಹುದು. ಗಂಡಸರು ಹೆಂಗಸರು ಸೇರಿ ಆಡುತ್ತೇವೆ. ನಮ್ಮ ಟೀಮಿನಲ್ಲಿ ಹೆಚ್ಚಿನವರು ಕನ್ನಡದವರು, ಕ್ರಿಕೆಟ್ ಆಡಿಕೊಂಡು ಬೆಳೆದವರು. ಹೊಡೆದ ಮೇಲೆ ಇಲ್ಲಿ ಬ್ಯಾಟು ಬಿಟ್ಟು ಓಡಬೇಕು, ಅದನ್ನು ಕೈಯಲ್ಲೇ ಹಿಡಿದು ಓಡುವ ಚಾಳಿ ಇನ್ನೂ ಕೆಲವರಿಗೆ ಬಿಟ್ಟಿರಲಿಲ್ಲ. ಸೇರಿದ ವರ್ಷದಿಂದಲೂ ನಾವು ಲೀಗಿನ ಕೊನೆಯಲ್ಲೇ ಇದ್ದೆವು.

ನಾನು ಕ್ಯಾಚರ್. ಹೆಚ್ಚು ಓಡಲಾಗದವರಿಗೆ ಕೊಡುವ ಜಾಗ ಅದು. ಬ್ಯಾಟ್ ಬೀಸುವವರ ಹಿಂದೆ ಕುಕ್ಕರಗಾಲಿನಲ್ಲಿ ಕೂರಬೇಕು. ನಾನು ಬಗ್ಗಿ ನಿಲ್ಲುತ್ತೇನೆ ಅಷ್ಟೆ. ಆದರೆ ಇಡೀ ಮೈದಾನವನ್ನು, ಎಲ್ಲರ ಮುಖವನ್ನೂ ಎದುರಿಗೆ ಕಾಣುವವಳು ಟೀಮಿನಲ್ಲಿ ನಾನೊಬ್ಬಳೇ. ನನ್ನ ಗಂಡ ದೂರದ ಲೆಫ್ಟ್ ಫೀಲ್ಡಿನಲ್ಲಿ ನಿಲ್ಲುತ್ತಿದ್ದರು. ಬಲಗೈಯವರು ಹೊಡೆದ ಚೆಂಡು ಹೆಚ್ಚಾಗಿ ಹಾರುವುದು ಆ ಕಡೆಗೆ. ಅವರು ಧಾರವಾಡದ ಕಡೆಯವರು, ಪಕ್ಕದ ಊರು ವಾನ್‌ನ ಒಂದು ಕಾರ್ಖಾನೆಯಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು. ಆಫೀಸಿನಲ್ಲಿ ಎಷ್ಟೋ ಪ್ರಮೋಶನ್ ಬಂದಿತ್ತು. ಲೆಫ್ಟ್ ಫೀಲ್ಡ್ ಸಿಕ್ಕ ದಿನ ಪಟ್ಟಷ್ಟು ಸಂತೋಷವನ್ನು ಯಾವುದಕ್ಕೂ ಪಟ್ಟಿರಲಿಲ್ಲ. ನಮ್ಮ ಕ್ಯಾಪ್ಟನ್ ಮೈಸೂರಿನವರು, ಮಕ್ಕಳ ಡಾಕ್ಟರಾಗಿದ್ದವರು, ನಮಗಿಂತ ಬಹಳ ಮೊದಲೇ ಈ ದೇಶಕ್ಕೆ ಬಂದವರು. ಚೆಂಡು ಎಸೆಯುವುದು ಅವರ ಕೆಲಸ.

ಹೋದ ವರ್ಷದ ಚಳಿಗಾಲದಲ್ಲಿ ಇವರಿಬ್ಬರ ನಡುವೆ ದೊಡ್ಡ ವಾದ ನಡೆದಿತ್ತು. ನಮ್ಮ ಸಾಫ್ಟ್‌ಬಾಲ್ ಬಗ್ಗೆ ಅಲ್ಲ, ನಗರದ ನಿಜವಾದ ಬೇಸ್‌ಬಾಲ್ ತಂಡದ ಬಗ್ಗೆ. ಆ ವರ್ಷ ತಂಡ ಸೋತು ಸುಣ್ಣವಾಗಿತ್ತು. ಕರಾರು ಮುಗಿದು, ಯಾವ ತಂಡಕ್ಕೆ ಬೇಕಾದರೂ ಹೋಗಲು ಸ್ವತಂತ್ರನಾದ ಆಟಗಾರನಿಗೆ ಫ್ರೀ ಏಜೆಂಟ್ ಎನ್ನುತ್ತಾರೆ. ಅಂಥ ಒಬ್ಬ ದೊಡ್ಡ ಹೊಡೆತಗಾರ ಮಾರುಕಟ್ಟೆಯಲ್ಲಿದ್ದ. ಅವನು ಕೇಳಿದ್ದು ಅವನ ಯೋಗ್ಯತೆಗಿಂತ ಜಾಸ್ತಿ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಕೊಡಬೇಕೋ ಬೇಡವೋ ಎಂಬುದಷ್ಟೇ ಪ್ರಶ್ನೆ. ಪ್ರತಿ ಮಂಗಳವಾರ ಮಾಲಿನ ಕಾಫಿ ಅಂಗಡಿಯಲ್ಲಿ ಕೋಟು ಕಳಚಿ ಕುರ್ಚಿಗೆ ಹಾಕುವ ಮೊದಲೇ ಇಬ್ಬರೂ ಶುರು ಮಾಡುತ್ತಿದ್ದರು.

"ಅವಂಗ ವಯಸ್ಸಾಗಾಕತ್ತೈತಿ," ಎನ್ನುತ್ತಿದ್ದರು ನಮ್ಮವರು. "ಕರಾರಿನ ಕಡೀ ವರ್ಷಗಳೊಳಗ ಅಂವ ಓಡಾಂಗಿಲ್ಲ, ಕೂತು ಉಣ್ತಾನ. ಹಿಂದ ಆಡಿದ್ದಕ್ಕ ಇವರು ಮುಂದ ಕೊಡೂದಾತು."

"ಅಲ್ಲಯ್ಯಾ, ಮನೆ ತಗೊಳ್ಳೋವಾಗ ನೀನು ಓವರ್‌ಪೇ ಮಾಡ್ಲಿಲ್ವಾ? ನಾನೂ ಮಾಡ್ದೆ. ರೇಟು ಇಳೀಲಿ ಅಂತ ಕಾದವರು ಇವತ್ತಿಗೂ ಬಾಡಿಗೆ ಬೇಸ್‌ಮೆಂಟಲ್ಲೇ ಇದಾರೆ," ಎನ್ನುತ್ತಿದ್ದರು ಕ್ಯಾಪ್ಟನ್. "ಬೇಕಾದ್ದು ಒಂದೇ ಇದ್ದಾಗ ಬೆಲೆ ಹೇಳೋದು ನಾವಲ್ಲ."

ಆ ಆಟಗಾರ ಕೊನೆಗೆ ಬೇರೆ ಊರಿಗೆ ಹೋದ. ತಮ್ಮ ವಾದ ಗೆದ್ದಿತೆಂದು ನಮ್ಮವರು ಆ ದಿನ ಸಂತೋಷಪಟ್ಟರು. ಆಮೇಲೆ ಒಂದೆರಡು ದಿನ ಮಂಕಾಗಿದ್ದರು.

ವಸಂತ ಬರುವ ಹೊತ್ತಿಗೆ ನಮ್ಮ ಟೀಮಿನ ಶಾರ್ಟ್‌ಸ್ಟಾಪ್ ಸೊಂಟದ ಆಪರೇಶನ್ ಮಾಡಿಸಿಕೊಂಡು ಮಗಳ ಮನೆ ಸೇರಿದರು. ಓಟಗಾರರು ಮುಟ್ಟುತ್ತ ಸುತ್ತಬೇಕಾದ ಗುರುತುಗಳೇ ಬೇಸ್‌ಗಳು. ಎರಡನೇ ಮತ್ತು ಮೂರನೇ ಬೇಸ್‌ಗಳ ನಡುವಿನ ಆ ಜಾಗವನ್ನು ಖಾಲಿ ಬಿಟ್ಟರೆ ಬಂದ ಚೆಂಡೆಲ್ಲ ಹಿಂದಕ್ಕೆ ನುಸುಳುತ್ತದೆ. ಇದ್ದ ನಾವು ಯಾರೂ ಅಲ್ಲಿ ನಿಲ್ಲುವಂಥವರಲ್ಲ. ಆಗ ಲೀಗ್ ನಡೆಸುವವರು ಕ್ಯಾಪ್ಟನ್‌ಗೆ ಫೋನ್ ಮಾಡಿ, ನಿಮ್ಮ ಭಾಷೆಯವರೇ ಒಬ್ಬರು ಇದ್ದಾರೆ, ನಗರದ ಆ ಕೊನೆಯ ರೆಕ್ಸ್‌ಡೇಲಿನಲ್ಲಿ ಅವರು ಆಡುತ್ತಿದ್ದ ಫ್ಯಾಕ್ಟರಿ ಟೀಮು ಮುಚ್ಚಿಹೋಗಿದೆ, ಈಗ ಫ್ರೀ ಏಜೆಂಟ್ ಎಂದರು. ಆ ಮಾತನ್ನು ಕ್ಯಾಪ್ಟನ್ ಫೋನಿನ ಸ್ಪೀಕರಿನಲ್ಲಿ ಪಕ್ಕದಲ್ಲಿದ್ದ ನಮ್ಮವರಿಗೂ ಕೇಳಿಸಿದರು.

ಆಕೆ ಬಂದದ್ದು ಏಪ್ರಿಲ್‌ನ ಒಂದು ಶನಿವಾರ. ಮೈದಾನದ ಅಂಚಿನಲ್ಲಿ ಇನ್ನೂ ಹಿಮದ ಕೊಳಕು ರಾಶಿಗಳಿದ್ದವು. ದಾವಣಗೆರೆಯವರು, ಅರವತ್ತು ದಾಟಿದವರು, ಗಿಡ್ಡ ಆಳು. ಚೂಡಿದಾರದ ಮೇಲೆ ಫ್ಯಾಕ್ಟರಿಯ ಹಳೆಯ ಜಾಕೆಟ್ ಹಾಕಿದ್ದರು. ಜೊತೆಯಲ್ಲಿ ಎತ್ತರದ, ಬೆನ್ನು ನೇರವಾಗಿದ್ದ ಅವರ ಗಂಡ. ಇಬ್ಬರೂ ಊರಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವರು, ಆಕೆ ಕಾಲೇಜಿನ ದಿನಗಳಲ್ಲಿ ಸಾಫ್ಟ್‌ಬಾಲನ್ನು ರಾಜ್ಯದ ತಂಡದಲ್ಲೇ ಆಡಿದ್ದವರು. ಇಲ್ಲಿಗೆ ಬಂದ ಮೇಲೆ ಆಕೆ ಪ್ಯಾಕಿಂಗ್ ಲೈನಿನಲ್ಲಿ, ಅವರು ಸೆಕ್ಯುರಿಟಿಯಲ್ಲಿ ಕೆಲಸ ಮಾಡಿದ್ದರು. ಗಂಡನನ್ನು ಆಕೆ ಈಗಲೂ ಮೇಷ್ಟ್ರು ಎಂದೇ ಕರೆಯುತ್ತಿದ್ದರು.

ಕ್ಯಾಪ್ಟನ್ ನೆಲದ ಮೇಲೆ ಚೆಂಡು ಹೊಡೆಯುತ್ತ ಹೋದರು. ಎಡಕ್ಕೆ, ಬಲಕ್ಕೆ, ಕೊನೆಗೆ ಬೇಕೆಂದೇ ದೂರಕ್ಕೆ. ಆಕೆ ಎಲ್ಲೂ ಅವಸರಪಟ್ಟಂತೆ ಕಾಣಲಿಲ್ಲ. ಚೆಂಡು ಬರುವ ಜಾಗಕ್ಕೆ ಮೊದಲೇ ಹೋಗಿ ನಿಂತಿರುತ್ತಿದ್ದರು. ಆಮೇಲೆ ಬ್ಯಾಟು ಹಿಡಿದು ಒಂದನ್ನು ಬೇಲಿಯಾಚೆ ಕಳಿಸಿದರು. ನಮ್ಮ ಟೀಮಿನಲ್ಲಿ ಅಲ್ಲಿಯವರೆಗೆ ಬೇಲಿಯನ್ನು ಮುಟ್ಟಿದವರೂ ಇರಲಿಲ್ಲ.

"ಸೋಮವಾರ ಫಾರ್ಮ್ ಕಳಿಸ್ತೀನಮ್ಮ," ಎಂದರು ಕ್ಯಾಪ್ಟನ್, ಮುಖವೆಲ್ಲ ನಗುವಾಗಿ.

"ತಡೀರಿ ಡಾಕ್ಟ್ರೇ. ಮೇಷ್ಟ್ರೂ ಆಡ್ತಾರೆ," ಎಂದರು ಆಕೆ. "ಅವರಿಗೆ ನೆನಪು ಹೋಗ್ತಾ ಐತೆ. ಮನೇಲಿ ಒಬ್ರನ್ನೇ ಬಿಟ್ಟು ಬರಾಕೆ ಆಗಲ್ಲ. ಬೆಂಚಲ್ಲಿ ಕೂರಿಸಿದ್ರೆ ಎದ್ದು ಹೊಂಟೋಗ್ತಾರೆ. ಆಟದಾಗೆ ನಿಂತ್ರೆ ಮಾತ್ರ ಎಲ್ಲೂ ಹೋಗಲ್ಲ. ನಾನು ಶಾರ್ಟ್‌ಸ್ಟಾಪಲ್ಲಿ ಇರ್ತೀನಿ, ಅವರು ನನ್ನ ಹಿಂದೆ ಲೆಫ್ಟ್ ಫೀಲ್ಡಲ್ಲಿ ಇರ್ಬೇಕು. ತಿರುಗಿದ್ರೆ ನನಗೆ ಕಾಣ್ಬೇಕು ನೋಡ್ರಿ. ಆಮೇಲೆ, ಬಸ್ಸಲ್ಲಿ ಅವರು ಗಾಬರಿ ಆಗ್ತಾರೆ. ಯಾರಾದ್ರೂ ಕಾರಲ್ಲಿ ಕರ್ಕೊಂಡು ಬರ್ಬೇಕು."

ಬೇಡಿಕೊಂಡ ಹಾಗಿರಲಿಲ್ಲ, ಅಂಗಡಿಯವರು ದರ ಹೇಳಿದ ಹಾಗಿತ್ತು. ಕ್ಯಾಪ್ಟನ್ನರ ನಗು ಇಳಿಯಿತು. ಯೋಚಿಸಿ ಹೇಳುತ್ತೇನೆ ಎಂದರು. ನಮ್ಮವರು ತಮ್ಮ ಗ್ಲೌಸನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿಕೊಂಡು ನೆಲ ನೋಡುತ್ತಿದ್ದರು. ಹೊರಡುವಾಗ ನನ್ನ ಕಿವಿಯ ಹತ್ತಿರ, "ಆಕಿ ಆಟ ಚೊಲೋ ಐತಿ, ಖರೆ. ಆದ್ರ ಇದು ಭಾಳ ಆತು," ಎಂದರು.

ಅಷ್ಟರಲ್ಲಿ ತುಂತುರು ಶುರುವಾಯಿತು. ಆ ಇಬ್ಬರನ್ನು ಮೂರು ಬಸ್ಸು ಬದಲಿಸಲು ಬಿಡುವ ಮನಸ್ಸಾಗದೆ ನಾನೇ ಬನ್ನಿ ಎಂದೆ. ದಾರಿಯುದ್ದಕ್ಕೂ ಮೇಷ್ಟ್ರು ಕಿಟಕಿಯಾಚೆಯ ಲಾರಿಗಳನ್ನು ನೋಡುತ್ತ, "ಊರು ಬಂತೇನು?" ಎಂದು ಆಗಾಗ ಕೇಳುತ್ತಿದ್ದರು. "ಬರ್ತದೆ ಮೇಷ್ಟ್ರೇ," ಎಂದು ಆಕೆ ಪ್ರತಿ ಸಲವೂ ಮೊದಲ ಸಲ ಹೇಳಿದಂತೆಯೇ ಹೇಳುತ್ತಿದ್ದರು.

ಅವರ ಮನೆ ಒಂದು ಎತ್ತರದ ಕಟ್ಟಡದ ಮೇಲಿನ ಅಂತಸ್ತಿನಲ್ಲಿ. ಆಕೆ ಒತ್ತಾಯ ಮಾಡಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾಡಿದರು. ನಾವಿಬ್ಬರೂ ಅಡುಗೆಮನೆಯಲ್ಲಿದ್ದಾಗ ಮೇಷ್ಟ್ರು ಎರಡು ಗ್ಲೌಸ್ ತಂದು, ಒಂದನ್ನು ನಮ್ಮವರ ಕೈಗೆ ಕೊಟ್ಟರಂತೆ. ಮಳೆ ನಿಂತಿತ್ತು. ಇಬ್ಬರೂ ಲಿಫ್ಟಿನಲ್ಲಿ ಇಳಿದು ಕಟ್ಟಡದ ಹಿಂದಿನ ಹುಲ್ಲಿಗೆ ಹೋದರು. ನಾವು ಬಾಲ್ಕನಿಯಿಂದ ನೋಡಿದೆವು. ಮೇಲಿನಿಂದ ಇಬ್ಬರ ತಲೆಗಳು, ನಡುವೆ ಹೋಗಿ ಬರುವ ಹಳದಿ ಚೆಂಡು, ಇಷ್ಟೇ ಕಾಣುತ್ತಿತ್ತು. ಚೆಂಡು ನೆಲಕ್ಕೆ ಬೀಳುತ್ತಿರಲಿಲ್ಲ. ಬಿದ್ದರೆ ನಮ್ಮವರ ಕೈಯಿಂದ ಬೀಳುತ್ತಿತ್ತು.

"ಕೈಗೆ ಎಲ್ಲ ನೆನಪೈತೆ," ಎಂದರು ಆಕೆ. "ನನ್ನ ಹೆಸರು ಒಂದೊಂದ್ ದಿನ ಮರೀತಾರೆ. ಚೆಂಡು ಮರೆತಿಲ್ಲ." ಬಜ್ಜಿಯ ಎಣ್ಣೆ ಕಾದಿದೆಯೆಂದು ಒಳಗೆ ಹೋದರು.

ವಾಪಸು ಬರುವಾಗ ನಮ್ಮವರು ಹೆದ್ದಾರಿಯಲ್ಲಿ ಟ್ರಾಫಿಕ್ಕು ನಿಂತಾಗ, "ಲೆಫ್ಟ್ ಫೀಲ್ಡ್ ಅವರಿಗೇ ಕೊಡೂಣು," ಎಂದರು.

"ಮತ್ತೆ ನೀವು?"

"ನಾ ಮಗ್ಗಲಿಗೆ ನಿಲ್ತೀನಿ, ಲೆಫ್ಟ್ ಸೆಂಟರದಾಗ. ಅವರ ಕಡೆ ಬಂದಿದ್ದಕ್ಕೂ ನಾನs ಓಡ್ತೀನಿ."

"ನಿಮ್ಮ ಮಂಡಿ?"

"ಅದಕ್ಕೇನು, ಐತಲ್ಲ," ಎಂದರು.

ಯಾಕೆ ಮನಸ್ಸು ಬದಲಾಯಿಸಿದಿರಿ ಎಂದು ನಾನು ಕೇಳಲಿಲ್ಲ. ನಲವತ್ತು ವರ್ಷ ಜೊತೆಗಿದ್ದವರನ್ನು ಕೆಲವು ಸಲ ಕೇಳದೆ ಬಿಟ್ಟರೇ ಚೆನ್ನ.

ವಿಚಿತ್ರವೆಂದರೆ, ಮುಂದಿನ ಮಂಗಳವಾರ ಕಾಫಿ ಅಂಗಡಿಯಲ್ಲಿ ಇಬ್ಬರೂ ಪಕ್ಷ ಬದಲಿಸಿಕೊಂಡಿದ್ದರು. ಬೇಡ ಎಂದವರು ಕ್ಯಾಪ್ಟನ್. "ನೋಡಪ್ಪ, ನಾನು ಡಾಕ್ಟರು. ಚೆಂಡು ಆ ಮನುಷ್ಯನ ಮುಖಕ್ಕೆ ಬಡೀತು ಅಂತಿಟ್ಕೋ, ನಾಳೆ ನನಗೆ ನಿದ್ದೆ ಬರಲ್ಲ. ಒಬ್ಬ ಒಳ್ಳೇ ಪ್ಲೇಯರ್ ಸಿಕ್ತಾಳೆ ಅಂತ ಇಷ್ಟೊಂದು ಕೊಡಕ್ಕಾಗತ್ತಾ?"

"ಚೆಂಡು ಅವರ ಮುಖಕ್ಕ ಬಡಿಯಾಂಗಿಲ್ಲ. ನನ್ನ ಮುಖಕ್ಕ ಬಡೀಬಹುದು, ಅವರಿಗಲ್ಲ. ನಾ ಆಡಿ ನೋಡೀನಿ," ಎಂದರು ನಮ್ಮವರು. "ಚಳಿಗಾಲದಾಗ ನೀವs ಅಂದ್ರಿ, ಬೆಲೆ ಹೇಳೂದು ನಾವಲ್ಲ ಅಂತ."

"ಅದು ತಂಡ ಇಟ್ಕೊಂಡಿರೋ ಟೀವಿ ಕಂಪನಿಯವರ ದುಡ್ಡಯ್ಯಾ. ಇದು ಮನುಷ್ಯರ ವಿಷಯ."

"ಹೌದ್ರಿ. ಅದಕ್ಕs ಕೊಡೂಣು ಅನ್ನಾಕತ್ತೇನಿ."

ಕ್ಯಾಪ್ಟನ್ ಕಾಫಿ ಕಪ್ಪಿನ ಮುಚ್ಚಳವನ್ನು ತೆಗೆದು ಹಾಕಿ ತೆಗೆದು ಹಾಕಿ ಮಾಡಿದರು. ಆಮೇಲೆ, ಮೇಷ್ಟ್ರ ಡಾಕ್ಟರ ಜೊತೆ ಮಾತಾಡುತ್ತೇನೆ, ಅವರು ಒಪ್ಪಿದರೆ ನೋಡೋಣ ಎಂದರು. ಆ ಡಾಕ್ಟರು ಒಪ್ಪಿದರು. ಹೊರಗೆ ಓಡಾಡುವುದು ಒಳ್ಳೆಯದೇ ಎಂದರಂತೆ.

ಮೊದಲ ಪಂದ್ಯದಲ್ಲಿ ಆಕೆ ಆಡಿದ ಆಟಕ್ಕೆ ಎದುರಾಳಿಗಳೇ ಚಪ್ಪಾಳೆ ತಟ್ಟಿದರು. ಆದರೂ ಸೋತೆವು. ಕೊನೆಯ ಸುತ್ತಿನಲ್ಲಿ ಎರಡು ಬೇಸ್‌ಗಳಲ್ಲಿ ಎದುರಾಳಿಗಳ ಓಟಗಾರರಿದ್ದಾಗ, ಚೆಂಡೊಂದು ಲೆಫ್ಟ್ ಫೀಲ್ಡಿಗೆ ನೆಲದ ಮೇಲೆ ಪುಟಿಯುತ್ತ ಹೋಯಿತು. ಮೇಷ್ಟ್ರು ಅಚ್ಚುಕಟ್ಟಾಗಿ ಬಗ್ಗಿ ಹಿಡಿದರು. ನಮ್ಮ ಟೀಮಿನವರೆಲ್ಲ ಒಟ್ಟಿಗೆ ಕೂಗತೊಡಗಿದೆವು. ಮೂರನೇ ಬೇಸ್ ಎಂದು ಒಬ್ಬರು, ನಾನು ನಿಂತಿದ್ದ, ಓಟ ಮುಗಿಯುವ ಹೋಮ್ ಎಂದು ಇನ್ನೊಬ್ಬರು. ಅವರು ನಮ್ಮನ್ನೆಲ್ಲ ಒಂದು ಸಲ ನೋಡಿದರು. ಆಮೇಲೆ ಚೆಂಡನ್ನು ಎದೆಗೆ ಒತ್ತಿ ಹಿಡಿದು, ಬೆನ್ನು ತಿರುಗಿಸಿ, ಪಾರ್ಕಿಂಗ್ ಲಾಟಿನ ಕಡೆಗೆ ನಿಧಾನವಾಗಿ ನಡೆದರು. ಓಟಗಾರರು ಒಬ್ಬರ ಹಿಂದೆ ಒಬ್ಬರು ನನ್ನ ಮುಂದೆಯೇ ಹೋಮ್ ಪ್ಲೇಟ್ ಮುಟ್ಟಿ ರನ್ ಗಳಿಸಿದರು. ಕೊನೆಯವನಂತೂ ಓಡುವುದನ್ನು ಬಿಟ್ಟು, ಮುಜುಗರಪಡುತ್ತ ನಡೆದು ಬಂದ.

ನಮ್ಮವರು ಹಿಂದೆ ಹೋಗಿ ಅವರ ಭುಜ ಹಿಡಿದು ಕರೆತಂದರು. ಕ್ಯಾಪ್ಟನ್ ಬ್ಯಾಟುಗಳನ್ನು ಸದ್ದು ಮಾಡುತ್ತ ಚೀಲಕ್ಕೆ ತುಂಬಿದರು. ಆಕೆ ಕ್ಷಮೆ ಕೇಳುತ್ತಾರೇನೋ ಎಂದುಕೊಂಡೆ. ಅವರು ಶೂಸ್ ಬಿಚ್ಚುತ್ತ ಹೇಳಿದ್ದು ಬೇರೆ.

"ನೀವೆಲ್ಲ ಕೂಗ್ಬೇಡಿ. ಅಷ್ಟು ದನಿ ಒಟ್ಟಿಗೆ ಬಂದ್ರೆ ಅವರಿಗೆ ಸಂತೆ ಆದಂಗೆ ಆಗ್ತದೆ. ಚೆಂಡು ಆ ಕಡೆ ಹೋದಾಗ ನಾನೊಬ್ಳೇ ಕರೀತೀನಿ."

ಹೇಳಿದಷ್ಟು ಸುಲಭವಾಗಿರಲಿಲ್ಲ. ಚೆಂಡು ಹಾರಿದಾಗ ಕೂಗದೆ ಇರುವುದನ್ನು ಆ ವಯಸ್ಸಿನಲ್ಲಿ ಕಲಿಯಬೇಕಾಯಿತು. ಒಂದು ಪಂದ್ಯದಲ್ಲಿ ನಾನೇ ಮರೆತು ಕಿರುಚಿ, ಆಮೇಲೆ ಗ್ಲೌಸಿನಿಂದ ಬಾಯಿ ಮುಚ್ಚಿಕೊಂಡೆ. ಆದರೆ ಜೂನ್ ಕಳೆಯುವ ಹೊತ್ತಿಗೆ ಅಭ್ಯಾಸವಾಯಿತು. ಚೆಂಡು ಎಡಕ್ಕೆ ಹಾರಿದೊಡನೆ ನಮ್ಮ ಕಡೆಯವರೆಲ್ಲ ತೆಪ್ಪಗಾಗುತ್ತಿದ್ದೆವು. ಆಕೆ ತಿರುಗಿ, ಗ್ಲೌಸ್ ಮೇಲೆತ್ತಿ, "ಮೇಷ್ಟ್ರೇ, ಇಲ್ಲಿ," ಎನ್ನುತ್ತಿದ್ದರು. ಕೂಗುತ್ತಿರಲಿಲ್ಲ, ಊಟಕ್ಕೆ ಕರೆದ ಹಾಗಿರುತ್ತಿತ್ತು. ಮೇಷ್ಟ್ರು ಎಸೆದ ಚೆಂಡು ಸೀದಾ ಆಕೆಯ ಗ್ಲೌಸಿಗೆ ಬರುತ್ತಿತ್ತು. ಅಲ್ಲಿಂದ ಎಲ್ಲಿಗೆ ಎಸೆಯಬೇಕೆಂಬುದು ಆಕೆಯ ಕೆಲಸ.

ಕ್ರಮೇಣ ಬೇರೆ ಟೀಮುಗಳಿಗೂ ವಿಷಯ ತಿಳಿಯಿತು. ನಾವು ಯಾರಿಗೂ ಹೇಳಿರಲಿಲ್ಲ. ಒಂದು ಸಂಜೆ ಚೀನೀ ಹಿರಿಯರ ಟೀಮಿನ ಜೊತೆ ಆಡುತ್ತಿದ್ದೆವು. ಅವರ ಬೆಂಚು ಲೀಗಿನಲ್ಲೇ ಗಲಾಟೆಗೆ ಹೆಸರಾದದ್ದು. ಚೆಂಡು ಲೆಫ್ಟ್ ಫೀಲ್ಡಿನ ಕಡೆಗೆ ಎದ್ದಾಗ ಅವರಲ್ಲೊಬ್ಬ ಹೆಂಗಸು ಕೈ ಎತ್ತಿದಳು, ಇಡೀ ಬೆಂಚು ಸುಮ್ಮನಾಯಿತು. ಆಟದ ನಡುವೆ ಅಂಥ ನಿಶ್ಶಬ್ದವನ್ನು ನಾನು ಕೇಳಿದವಳಲ್ಲ. ದೂರದಲ್ಲಿ ಯಾರೋ ಹುಲ್ಲು ಕತ್ತರಿಸುವ ಯಂತ್ರ ಓಡಿಸುತ್ತಿದ್ದರು. "ಮೇಷ್ಟ್ರೇ, ಇಲ್ಲಿ." ಚೆಂಡು ಬಂತು. ಅವರ ಓಟಗಾರ ಔಟಾದ. ಆಗ ಆ ಬೆಂಚಿನಿಂದಲೇ ಮೊದಲ ಚಪ್ಪಾಳೆ ಕೇಳಿಸಿತು.

ನಾವು ಗೆಲ್ಲಲು ಶುರು ಮಾಡಿದೆವು. ಯಾವಾಗಲೂ ಅಲ್ಲ. ಆದರೆ ಗೆಲುವು ಎಂಬುದು ಬೇರೆಯವರ ಮನೆಯ ಸುದ್ದಿಯಾಗಿ ಉಳಿಯಲಿಲ್ಲ. ನಮ್ಮವರು ಪ್ರತಿ ಪಂದ್ಯಕ್ಕೂ ರೆಕ್ಸ್‌ಡೇಲಿಗೆ ಹೋಗಿ ಅವರನ್ನು ಕರೆತಂದು, ಮತ್ತೆ ಬಿಟ್ಟು ಬರುತ್ತಿದ್ದರು. ಮನೆಗೆ ಬಂದು ಮಂಡಿಗೆ ಐಸ್ ಇಟ್ಟುಕೊಂಡು ಸೋಫಾದಲ್ಲಿ ಕೂರುತ್ತಿದ್ದರು. ಫೋನಿನಲ್ಲಿ ಮಗಳು, "Amma, why is he doing this to himself?" ಎಂದು ಕೇಳಿದಳು. "ಅವರಿಗೆ ಇಷ್ಟ," ಎಂದೆ. ಅದಕ್ಕಿಂತ ಸರಿಯಾದ ಉತ್ತರ ನನಗೆ ಹೊಳೆಯಲಿಲ್ಲ.

ಆಗಸ್ಟ್‌ನಲ್ಲಿ ಮೇಷ್ಟ್ರ ನೆನಪು ಇನ್ನಷ್ಟು ಇಳಿಯತೊಡಗಿತು. ಒಂದು ದಿನ ಗ್ಲೌಸನ್ನು ತಲೆಯ ಮೇಲಿಟ್ಟುಕೊಂಡು ನಿಂತರು. ಇನ್ನೊಂದು ದಿನ ಆಕೆ ಕರೆದಾಗ ಯಾರನ್ನೋ ಹುಡುಕುವಂತೆ ಸುತ್ತ ನೋಡಿದರು. ಕೊನೆಯ ಪಂದ್ಯದ ಸಂಜೆ ಕಾರಿನಿಂದ ಇಳಿಯಲೇ ಇಲ್ಲ. ಸೀಟಿನ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕುಳಿತಿದ್ದರು.

"ನೀವು ಆಡ್ರಿ. ನಾನು ಇವರ ಹತ್ರ ಇರ್ತೀನಿ," ಎಂದರು ಆಕೆ.

ಕ್ಯಾಪ್ಟನ್ ತಮ್ಮ ಕ್ಯಾಪ್ ತೆಗೆದು ಕಾರಿನ ಮೇಲಿಟ್ಟರು. "ನೀನು ಹೋಗಮ್ಮ. ನಾನು ಇವರ ಜೊತೆ ಕೂತ್ಕೋತೀನಿ. ಜೀವನವೆಲ್ಲ ಬಾಯಿ ಬಿಟ್ಟು ಹೇಳಲಾಗದ ಪೇಶೆಂಟುಗಳ ಜೊತೆಯೇ ಕಳೆದಿದ್ದೀನಿ," ಎಂದು ಹಿಂದಿನ ಸೀಟಿನಲ್ಲಿ ಮೇಷ್ಟ್ರ ಪಕ್ಕ ಕುಳಿತು ಬಾಗಿಲು ಹಾಕಿಕೊಂಡರು. ಕ್ಯಾಪ್ಟನ್ ಒಂದು ಪಂದ್ಯವನ್ನೂ ತಪ್ಪಿಸಿದವರಲ್ಲ. ಜ್ವರವಿದ್ದಾಗಲೂ ಬಂದು ಎಸೆದವರು.

ಅವರ ಬದಲು ಇನ್ನೊಬ್ಬರು ಎಸೆದರು. ಲೆಫ್ಟ್ ಫೀಲ್ಡಿಗೆ ಹೋಗುವಂತೆ ನಮ್ಮವರಿಗೆ ಯಾರೋ ಹೇಳಿದರು. ಅವರು ಕೇಳಿಸದವರ ಹಾಗೆ ತಮ್ಮ ಹೊಸ ಜಾಗದಲ್ಲೇ ನಿಂತರು. ಎಡಗಡೆ ಅಷ್ಟು ಹುಲ್ಲು ಖಾಲಿಯಾಗಿ ಉಳಿಯಿತು. ಆಕೆ ಪ್ರತಿ ಎಸೆತಕ್ಕೂ ಮೊದಲು ಅಭ್ಯಾಸಬಲದಿಂದ ಒಮ್ಮೆ ಹಿಂದಕ್ಕೆ ತಿರುಗುತ್ತಿದ್ದರು, ಆಮೇಲೆ ಪಾರ್ಕಿಂಗ್ ಲಾಟಿನ ಕಡೆಗೆ ನೋಡುತ್ತಿದ್ದರು. ಆ ಮುಖವನ್ನು ನಾನು ಎದುರಿನಿಂದ ನೋಡಬೇಕಾಗಿತ್ತು. ಅಂದು ಸೋತೆವು. ಲೀಗಿನಲ್ಲಿ ಕೊನೆಯವರಂತೂ ಆಗಲಿಲ್ಲ. ನಮ್ಮ ಕೆಳಗೆ ಇನ್ನೂ ಎರಡು ಟೀಮುಗಳಿದ್ದವು.

ಸೀಸನ್ ಮುಗಿದ ಮೇಲಿನ ಲೀಗಿನ ಊಟದ ದಿನ ಬೇರೆ ಟೀಮಿನವರೊಬ್ಬರು ನಮ್ಮವರನ್ನು ಕೇಳಿದರು. ಒಬ್ಬ ಆಟಗಾರ್ತಿಗೋಸ್ಕರ ಒಳ್ಳೆಯ ಜಾಗ ಬಿಟ್ಟುಕೊಟ್ಟಿರಿ, ಬೇಸಗೆಯಿಡೀ ಡ್ರೈವರ್ ಆದಿರಿ, ಕಪ್ಪೂ ಬರಲಿಲ್ಲ, ಹೆಚ್ಚಾಗಿ ಕೊಟ್ಟಿರಿ ಅನ್ನಿಸಲಿಲ್ಲವೇ ಎಂದು. ನಮ್ಮವರು ಇಂಗ್ಲಿಷಿನಲ್ಲೇ, ಹೌದು, ಹೆಚ್ಚಾಗಿಯೇ ಕೊಟ್ಟೆವು ಎಂದು ಒಪ್ಪಿಕೊಂಡರು. ಮಾತು ಅಲ್ಲಿಗೇ ಮುಗಿಯಿತು. ಅವರ ಮುಖದಲ್ಲಿ ನಷ್ಟವಾದವರ ಲಕ್ಷಣವೇನೂ ಇರಲಿಲ್ಲ.

ಈಗ ಮತ್ತೆ ಚಳಿಗಾಲ. ಭಾನುವಾರ ಮಧ್ಯಾಹ್ನ ನಾವು ರೆಕ್ಸ್‌ಡೇಲಿಗೆ ಹೋಗುತ್ತೇವೆ. ಆಕೆ ಆ ಹೊತ್ತಿನಲ್ಲಿ ಅಂಗಡಿಗೆ ಹೋಗಿ ಬರುತ್ತಾರೆ, ಕೆಲವು ಸಲ ಸುಮ್ಮನೆ ಮಲಗುತ್ತಾರೆ. ಕಟ್ಟಡದ ಕೆಳಗಿನ, ಎಲ್ಲರಿಗೂ ಸೇರಿದ ಪಾರ್ಟಿ ರೂಮು ಖಾಲಿಯಿದ್ದರೆ ಅಲ್ಲಿ ಮೇಷ್ಟ್ರೂ ನಮ್ಮವರೂ ಚೆಂಡು ಆಡುತ್ತಾರೆ. ಮೇಷ್ಟ್ರಿಗೆ ನಾವು ಯಾರೆಂದು ಗೊತ್ತಾಗುವುದಿಲ್ಲ. ಕೆಲವು ದಿನ ಒಂದು ಮಾತೂ ಆಡುವುದಿಲ್ಲ.

ಕಳೆದ ವಾರ ಮಾತ್ರ ಚೆಂಡನ್ನು ಕೈಯಲ್ಲೇ ಹಿಡಿದುಕೊಂಡು ನಮ್ಮವರನ್ನು ಮೇಲಿಂದ ಕೆಳಗೆ ನೋಡಿದರು. ಹತ್ತಿರ ಬಂದು, ಅವರ ಮೊಣಕೈಯನ್ನು ಎರಡು ಬೆರಳಿನಿಂದ ಮೇಲಕ್ಕೆತ್ತಿದರು.

"ಕೈ ಮೇಲಿರ್ಲಿ ಮರಿ. ಹಿಂಗೆ. ಆಗ ದೂರ ಹೋಗ್ತದೆ," ಎಂದರು.

"ಹೌದ್ರಿ ಸರ್," ಎಂದರು ಅರವತ್ತೆಂಟು ದಾಟಿದ ನನ್ನ ಗಂಡ. ಮೇಷ್ಟ್ರು ಹಿಂದಕ್ಕೆ ನಡೆದು ಗೋಡೆಯ ಹತ್ತಿರ ತಮ್ಮ ಜಾಗದಲ್ಲಿ ನಿಂತು, ಚೆಂಡು ಎಸೆದು, ಗ್ಲೌಸ್ ತೆರೆದು ಕಾದರು. ನಮ್ಮವರು ಮೊಣಕೈ ಎತ್ತಿ ಎಸೆದರು.